ರಾಜೀನಾಮೆ ಪತ್ರ ಕಿಸೆಯಲ್ಲೇ ಇರಲಿ: ಮುಂದುವರಿದ ಕ್ಯಾನ್ಸರಿನಲ್ಲಿ ಕೆಲಸದ ಕಡೆಯಿಂದ ಬರಬೇಕಾದ್ದನ್ನು ಪಡೆಯುವ ಬಗೆ

ಅಕ್ಕನ ಗಂಡ, ನನ್ನ ಭಾವ, ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ದಿನಾ ಬೆಳಗ್ಗೆ ರೈಲು ಹತ್ತಿ ಮಂಗಳೂರಿಗೆ ಹೋಗಿ ಹದಿನಾಲ್ಕು ವರ್ಷ ಒಂದೇ ಕಂಪೆನಿಯಲ್ಲಿ ದುಡಿದವರು. ಕರುಳಿನ ಕ್ಯಾನ್ಸರು ಲಿವರಿಗೂ ಹಬ್ಬಿದೆ ಎಂದು ಡಾಕ್ಟರು ಹೇಳಿದ ವಾರವೇ ಒಂದು ಪುಟದ ಕಾಗದ ಬರೆದು ಮ್ಯಾನೇಜರ ಮೇಜಿನ ಮೇಲಿಟ್ಟು ಬಂದರು. "ಅಷ್ಟು ವರ್ಷ ಅನ್ನ ಕೊಟ್ಟ ಜಾಗ, ಕೂತು ಸಂಬಳ ಕೇಳುವುದು ಸರಿಯಲ್ಲ" ಎಂಬುದು ಅವರ ಲೆಕ್ಕ. ಕಂಪೆನಿಯವರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಇಪ್ಪತ್ತೆರಡು ವರ್ಷ ಇನ್ನೊಂದು ಕಡೆ ಸಂಬಳದ ಪಟ್ಟಿ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಲೆಕ್ಕ ಬರೆದವ ನಾನು. ನನಗೆ ವಿಷಯ ತಿಳಿದದ್ದು ಹದಿನೈದು ದಿನ ಕಳೆದ ಮೇಲೆ. ಆ ಒಂದು ಪುಟದಿಂದ ಅಕ್ಕನ ಮನೆಗೆ ತಪ್ಪಿದ್ದು ಐದು ಲಕ್ಷಕ್ಕೂ ಮೇಲೆ.

ಆಮೇಲೆ ಊರಿನ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ತಂಡದ ಜೊತೆ ಮನೆಮನೆಗೆ ಹೋಗಲು ಶುರುಮಾಡಿದೆ. ಹೋದಲ್ಲೆಲ್ಲ ಇದೇ ಕಥೆ. ಬದಿಯಡ್ಕ, ಪೆರ್ಲ, ಉಪ್ಪಳ, ಮುಳ್ಳೇರಿಯ ಎಲ್ಲಿಯೇ ಆಗಲಿ, ನಮ್ಮವರು ಮೊದಲು ಕೆಲಸ ಬಿಡುತ್ತಾರೆ, ಆಮೇಲೆ ಸವಲತ್ತು ಕೇಳುತ್ತಾರೆ. ಅದನ್ನು ತಿರುಗಿಸಿ ಹಾಕುವುದೇ ಈ ಲೇಖನದ ಕೆಲಸ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

"ಅಂಗವೈಕಲ್ಯದ ಸವಲತ್ತು ಬೇಕು" ಎಂದು ಇಎಸ್‌ಐ ಕಚೇರಿಯ ಕಿಟಕಿಯಲ್ಲಿ ಕೇಳಿದರೆ "ಕ್ಯಾನ್ಸರಿಗೆ ಅದು ಇಲ್ಲ" ಎಂಬ ಉತ್ತರ ಬರುತ್ತದೆ. ಅವರು ಹೇಳಿದ್ದು ಸುಳ್ಳಲ್ಲ. ಇಎಸ್‌ಐ ಭಾಷೆಯಲ್ಲಿ ಅಂಗವೈಕಲ್ಯ ಭತ್ಯೆ ಎಂದರೆ ಕೆಲಸದಲ್ಲಿ ಆದ ಗಾಯಕ್ಕೆ, ಅಥವಾ ಕೆಲಸದಿಂದಲೇ ಬಂದ ರೋಗಕ್ಕೆ ಕೊಡುವ ಹಣ. ಆಸ್‌ಬೆಸ್ಟಾಸ್ ಧೂಳಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರಿನಂಥ ಕೆಲವು ಮಾತ್ರ ಅದರೊಳಗೆ ಬರುತ್ತವೆ. ಉಳಿದ ಕ್ಯಾನ್ಸರಿಗೆ ಅಲ್ಲಿ ಕೇಳಬೇಕಾದ್ದು ಅನಾರೋಗ್ಯ ಭತ್ಯೆ, ಅದು ಮುಗಿದ ಮೇಲೆ ವಿಸ್ತೃತ ಅನಾರೋಗ್ಯ ಭತ್ಯೆ. ಹೆಸರು ತಪ್ಪಿ ಕೇಳಿ ವಾಪಸು ಬಂದವರನ್ನು ನಾನು ಕಂಡಿದ್ದೇನೆ.

ಪಿಎಫ್ ಕಚೇರಿಯಲ್ಲಿ ಹಾಗಲ್ಲ. ಅಲ್ಲಿ "ಶಾಶ್ವತ ಮತ್ತು ಪೂರ್ಣ ಅಶಕ್ತತೆ"ಗೆ ಪಿಂಚಣಿ ಇದೆ, ಕಾರಣ ಅಪಘಾತವೋ ರೋಗವೋ ಎಂಬ ಭೇದ ಇಲ್ಲ.

ಮೂರನೆಯದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದರಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, ಕ್ಯಾನ್ಸರ್ ಅದರಲ್ಲಿಲ್ಲ. ಆದರೆ ಕ್ಯಾನ್ಸರ್ ಬಿಟ್ಟುಹೋದ ಗುರುತು ಇರಬಹುದು: ಕಾಲು ಕತ್ತರಿಸಿದ್ದು, ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಮಾತು ಹೋದದ್ದು, ಬೆನ್ನುಮೂಳೆಗೆ ಹಬ್ಬಿ ನಡೆಯಲಾಗದ್ದು. ಇಂಥವರು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಶೇಕಡಾ 40 ದಾಟಿದರೆ ಹೆಚ್ಚಿನ ಸವಲತ್ತುಗಳ ಬಾಗಿಲು ತೆರೆಯುತ್ತದೆ.

ಮೊದಲ ವಾರದ ಕೆಲಸ

ರಾಜೀನಾಮೆ ಬರೆಯಬೇಡಿ. ಬರೆದಾಗಿದ್ದು ಇನ್ನೂ ಅಂಗೀಕಾರ ಆಗಿಲ್ಲವಾದರೆ ಇವತ್ತೇ ವಾಪಸು ಪಡೆಯುವ ಕಾಗದ ಕೊಡಿ. ಮುಂದೆ ಹೇಳುವ ಹಣದಲ್ಲಿ ದೊಡ್ಡ ಪಾಲು "ಸೇವೆಯಲ್ಲಿದ್ದಾಗ" ಎಂಬ ಒಂದು ಪದದ ಮೇಲೆ ನಿಂತಿದೆ.

ರಾಜೀನಾಮೆಯ ಜಾಗದಲ್ಲಿ ರಜೆಯ ಅರ್ಜಿ ಕೊಡಿ. ನಾಲ್ಕು ಸಾಲು ಸಾಕು: ಇಂಥ ರೋಗಕ್ಕೆ ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ, ಇಂಥ ದಿನದಿಂದ ಕೆಲಸಕ್ಕೆ ಬರಲಾಗುತ್ತಿಲ್ಲ, ವೈದ್ಯರ ಸರ್ಟಿಫಿಕೇಟ್ ಲಗತ್ತಿಸಿದೆ, ನನ್ನ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಂಡು ರಜೆ ಮಂಜೂರು ಮಾಡಬೇಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಮುಖ ತಿರುಗಿಸಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಮನೆಯಲ್ಲಿ ಕುಳಿತವರನ್ನು ಆರು ತಿಂಗಳ ಮೇಲೆ "ಹೇಳದೆ ಕೇಳದೆ ಕೆಲಸ ಬಿಟ್ಟವರು" ಎಂದು ಬರೆದುಬಿಟ್ಟದ್ದಿದೆ.

ಅದೇ ವಾರ ಇನ್ನೂ ಕೆಲವು ಕಾಗದ ಕೈಗೆ ಬರಲಿ. ನೇಮಕಾತಿ ಪತ್ರ, ಕೊನೆಯ ಆರೇಳು ತಿಂಗಳ ಸಂಬಳದ ಚೀಟಿ, ಇಎಸ್‌ಐ ನಂಬ್ರ, ಪಿಎಫ್‌ನ ಯುಎಎನ್ ಎಂಬ ಖಾತೆ ನಂಬ್ರ. ಕಂಪೆನಿ ಗುಂಪು ವಿಮೆ ಮಾಡಿಸಿದ್ದರೆ ಅದರ ಪಾಲಿಸಿ ನಂಬ್ರ ಕೂಡ; ಗುಂಪು ಜೀವವಿಮೆ ಇದೆಯೆಂದು ನೌಕರನಿಗೇ ಗೊತ್ತಿರದ ಕಂಪೆನಿಗಳು ಬಹಳ. ಪಿಎಫ್ ಪಾಸ್‌ಬುಕ್ಕನ್ನು ಆನ್‌ಲೈನಿನಲ್ಲಿ ತೆಗೆದು, ಸಂಬಳದಿಂದ ಕಡಿದ ಹಣ ತಿಂಗಳು ತಿಂಗಳೂ ಬಿದ್ದಿದೆಯೇ ಎಂದು ನೋಡಿ. ನಿಮ್ಮಿಂದಾಗದಿದ್ದರೆ ಮನೆಯ ಮಕ್ಕಳಿಗೆ ಹೇಳಿ, ಇಲ್ಲವೇ ಕೇರಳ ಸರಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋಗಿ.

ಡಾಕ್ಟರ ಕಾಗದದಲ್ಲಿ ಏನಿರಬೇಕು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಹೆಚ್ಚಿನ ಅರ್ಜಿ ಬೀಳುವುದು ಇಲ್ಲೇ.

ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಸಮ್ಮರಿ ರೋಗದ ಚರಿತ್ರೆ ಹೇಳುತ್ತದೆ: ಗಡ್ಡೆಯ ಅಳತೆ, ಬಯಾಪ್ಸಿ, ಎಷ್ಟು ಸುತ್ತು ಕಿಮೋ. ಸವಲತ್ತು ಕೊಡುವ ಕಚೇರಿಗೆ ಬೇಕಾದ್ದು ಬೇರೆ. ಈ ಮನುಷ್ಯ ತನ್ನ ಕೆಲಸ ಮಾಡಬಲ್ಲನೇ, ಇಲ್ಲವೇ, ಇಲ್ಲವಾದರೆ ಎಷ್ಟು ಕಾಲ? "ನಾಲ್ಕನೇ ಹಂತ" ಎಂಬ ಎರಡು ಪದ ಅದಕ್ಕೆ ಉತ್ತರ ಅಲ್ಲ. ನಾಲ್ಕನೇ ಹಂತದಲ್ಲಿ ಮಾತ್ರೆ ತಿನ್ನುತ್ತ ಅಂಗಡಿ ನಡೆಸುವವರೂ ಇದ್ದಾರೆ, ಎರಡನೇ ಹಂತದಲ್ಲಿ ಹಾಸಿಗೆ ಹಿಡಿದವರೂ ಇದ್ದಾರೆ.

ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಹೆಂಗಸೊಬ್ಬರ ಕಾಗದ ಮೊದಲ ಸಲ ತಿರುಗಿ ಬಂದಿತ್ತು. ಅದರಲ್ಲಿ ಇದ್ದದ್ದು ಸ್ತನ ಕ್ಯಾನ್ಸರ್, ಮೂಳೆಗೆ ಹಬ್ಬಿದೆ, ಇಷ್ಟೇ. ಎರಡನೇ ಸಲ ನಾವು ಡಾಕ್ಟರ ಹತ್ತಿರ ಹೋಗುವಾಗ ಅವರ ಕೆಲಸವನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆವು: ಎಂಟು ಗಂಟೆ ಕೂರಬೇಕು, ಬೆರಳ ತುದಿಯಲ್ಲಿ ಸಣ್ಣ ಚೂರಿ ಹಿಡಿಯಬೇಕು, ಬುಟ್ಟಿ ಎತ್ತಬೇಕು, ಎರಡು ಬಸ್ಸು ಬದಲಿಸಬೇಕು. ಡಾಕ್ಟರು ಓದಿ, "ಕಿಮೋದಿಂದ ಬೆರಳು ಮರಗಟ್ಟಿದೆ, ಚೂರಿಯ ಕೆಲಸ ಆಗದು. ಸೊಂಟದ ಮೂಳೆಗೆ ಹಬ್ಬಿದ್ದರಿಂದ ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗದು, ಭಾರ ಎತ್ತಿದರೆ ಮೂಳೆ ಮುರಿಯುವ ಭಯ ಇದೆ. ಇದು ವಾಸಿಯಾಗುವ ಸ್ಥಿತಿ ಅಲ್ಲ" ಎಂದು ಬರೆದರು. ಆ ಕಾಗದ ನಡೆಯಿತು.

ಕ್ಯಾನ್ಸರ್ ವೈದ್ಯರು ರೋಗಿಯ ಓಡಾಟಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ, ಇಕಾಗ್ ಅಂಕ ಎನ್ನುತ್ತಾರೆ. ಸೊನ್ನೆ ಎಂದರೆ ಎಂದಿನಂತೆ ಇದ್ದಾರೆ. ಮೂರು ಎಂದರೆ ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಲಗಿಯೋ ಕುಳಿತೋ ಕಳೆಯುತ್ತಾರೆ. ನಾಲ್ಕು ಎಂದರೆ ಪೂರ್ತಿ ಹಾಸಿಗೆ. ನಿಮ್ಮ ಫೈಲಿನಲ್ಲಿ ಈ ಅಂಕ ಇರುತ್ತದೆ, ಸರ್ಟಿಫಿಕೇಟಿನಲ್ಲೂ ಬರೆಯಲು ಕೇಳಿ. ಡಾಕ್ಟರ ಎದುರು ಮಾತ್ರ "ಪರವಾಗಿಲ್ಲ, ಹುಷಾರಿದ್ದೇನೆ" ಎನ್ನುವ ಚಾಳಿ ನಮ್ಮಲ್ಲಿದೆ. ಡಾಕ್ಟರು ಅದನ್ನೇ ಬರೆಯುತ್ತಾರೆ, ಆಮೇಲೆ ಕಚೇರಿ ಅದನ್ನೇ ಓದುತ್ತದೆ. ಸ್ನಾನಕ್ಕೆ ಯಾರು ಎತ್ತಿ ಕೂರಿಸುತ್ತಾರೆ, ಮೆಟ್ಟಿಲು ಹತ್ತುವಾಗ ಎಷ್ಟು ಸಲ ನಿಲ್ಲುತ್ತೀರಿ, ಕಿಮೋ ಆದ ಮೇಲೆ ಎಷ್ಟು ದಿನ ಅನ್ನ ಸೇರುವುದಿಲ್ಲ, ಇದನ್ನೆಲ್ಲ ಹಳೆಯ ಕ್ಯಾಲೆಂಡರಿನ ಚೌಕದೊಳಗೇ ಬರೆದಿಡಿ. ಡೈರಿ ಬೇಕೆಂದಿಲ್ಲ.

ಚಿಕಿತ್ಸೆ ಮಂಗಳೂರಿನಲ್ಲಿ ಆದರೂ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ಆದರೂ ಎಲ್ಲ ದಾಖಲೆಗಳ ನಕಲು ಮನೆಯಲ್ಲಿರಲಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಫೈಲು ಒಂದು ರಾಜ್ಯದಲ್ಲಿ, ರೋಗಿ ಇನ್ನೊಂದು ರಾಜ್ಯದಲ್ಲಿ ಎಂಬ ಸ್ಥಿತಿ ಆದದ್ದು ನಮಗೆ ಮರೆಯುವ ಹಾಗಿಲ್ಲ.

ಇಎಸ್‌ಐ: ಸಂಬಳ 21,000ದ ಒಳಗಿದ್ದವರಿಗೆ

ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು, ಚೀಟಿಯಲ್ಲಿ ಶೇಕಡಾ 0.75 ಕಡಿತ ಕಾಣುತ್ತಿದ್ದರೆ ನೀವು ಇಎಸ್‌ಐಯಲ್ಲಿದ್ದೀರಿ. ಇದು ಕೇಂದ್ರದ ಯೋಜನೆ. ಕೆಲಸ ಕರ್ನಾಟಕದಲ್ಲಿ, ಮನೆ ಕೇರಳದಲ್ಲಿ ಎಂಬುದು ಅಡ್ಡಿಯಲ್ಲ. ಡಿಸ್ಪೆನ್ಸರಿಯನ್ನು ಮನೆಯ ಹತ್ತಿರಕ್ಕೆ ಬದಲಾಯಿಸಿಕೊಳ್ಳಬಹುದು.

ಮೊದಲು ಸಿಗುವುದು ಅನಾರೋಗ್ಯ ಭತ್ಯೆ: ದಿನದ ಸರಾಸರಿ ಕೂಲಿಯ ಶೇಕಡಾ 70, ವರ್ಷದಲ್ಲಿ ಹೆಚ್ಚೆಂದರೆ 91 ದಿನ. ಅದಕ್ಕೆ ಸಂಬಂಧಪಟ್ಟ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರಬೇಕು. ಅವಧಿಯ ಲೆಕ್ಕ ಹೀಗೆ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಫಲ, ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ.

91 ದಿನ ಮುಗಿದ ಮೇಲೆ ಹೆಚ್ಚಿನವರು "ಇನ್ನು ಇಲ್ಲ" ಎಂದು ಸುಮ್ಮನಾಗುತ್ತಾರೆ. ಅಲ್ಲೇ ತಪ್ಪುವುದು. ದೀರ್ಘಕಾಲದ 34 ರೋಗಗಳ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ. ಅವಕ್ಕೆ ವಿಸ್ತೃತ ಭತ್ಯೆ ಉಂಟು, ಪ್ರಮಾಣವೂ ಏರಿ ಶೇಕಡಾ 80 ಆಗುತ್ತದೆ, ವೈದ್ಯಕೀಯ ಮಂಡಳಿ ಒಪ್ಪಿದರೆ ಎರಡು ವರ್ಷದವರೆಗೂ ಹೋಗುತ್ತದೆ. ಇದಕ್ಕೆ ಎರಡು ವರ್ಷದ ನಿರಂತರ ವಿಮಾ ಸೇವೆ, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಬೇಕು. ದಿನದ ಸರಾಸರಿ ಕೂಲಿ 600 ರೂಪಾಯಿ ಇದ್ದವರಿಗೆ ಮೊದಲು ದಿನಕ್ಕೆ 420, ಆಮೇಲೆ 480. ಮೂವತ್ತು ದಿನಕ್ಕೆ 14,400. ಬಾಡಿಗೆ, ಅಕ್ಕಿ, ಮಗುವಿನ ಶಾಲೆಯ ವ್ಯಾನು ಇಷ್ಟಕ್ಕೆ ಸಾಲದೆ ಹೋದರೂ ಕೈ ಚಾಚದೆ ದಿನ ದೂಡಬಹುದು.

ದಾರಿ ಹೀಗೆ. ಇಎಸ್‌ಐ ಡಿಸ್ಪೆನ್ಸರಿಯ ವೈದ್ಯರಿಂದಲೇ ಅನಾರೋಗ್ಯದ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಖಾಸಗಿ ಆಸ್ಪತ್ರೆಯ ಕಾಗದ ನೇರವಾಗಿ ನಡೆಯುವುದಿಲ್ಲ. ಅದನ್ನು ತೋರಿಸಿ ಇವರದ್ದು ಮಾಡಿಸಬೇಕು. ಅದಕ್ಕೆ ಹಕ್ಕುಕೋರಿಕೆಯ ಫಾರಂ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಸೇರಿಸಿ ಶಾಖಾ ಕಚೇರಿಗೆ ಕೊಟ್ಟರೆ ಹಣ ಖಾತೆಗೆ ಬರುತ್ತದೆ. ಸರ್ಟಿಫಿಕೇಟಿನ ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಕಿಮೋ ಇದ್ದ ದಿನ ಡಿಸ್ಪೆನ್ಸರಿಗೆ ಹೋಗಲಾಗದಿದ್ದರೆ ಮನೆಯವರು ಆಸ್ಪತ್ರೆಯ ಚೀಟಿ ಹಿಡಿದು ಹೋಗಿ ತಿಳಿಸಲಿ. ಚಿಕಿತ್ಸೆಯೂ ಇಎಸ್‌ಐ ಮೂಲಕವೇ ಆಗಬಹುದು: ಅವರಲ್ಲಿಲ್ಲದ ಚಿಕಿತ್ಸೆಗೆ ಒಪ್ಪಂದವಿರುವ ಆಸ್ಪತ್ರೆಗೆ ಬರೆದುಕೊಡುತ್ತಾರೆ, ಬಿಲ್ಲು ಅವರೇ ಕಟ್ಟುತ್ತಾರೆ. ನಾವು ಮೊದಲು ಚಿನ್ನ ಅಡವಿಟ್ಟು ಬಿಲ್ಲು ಕಟ್ಟಿ, ಆಮೇಲೆ ಇಎಸ್‌ಐ ನೆನಪು ಮಾಡಿಕೊಳ್ಳುತ್ತೇವೆ.

ಅನಾರೋಗ್ಯ ಭತ್ಯೆ ಪಡೆಯುತ್ತಿರುವ ನೌಕರನನ್ನು ಆ ಅವಧಿಯಲ್ಲಿ ವಜಾ ಮಾಡಬಾರದು ಎಂದು 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ನಿನಲ್ಲೇ ಬರೆದಿಟ್ಟಿದ್ದರು. 2025ರ ನವೆಂಬರ್ 21ರಿಂದ ಇಎಸ್‌ಐ, ಪಿಎಫ್, ಗ್ರಾಚ್ಯುಯಿಟಿ (ಸೇವೆ ಮುಗಿದಾಗ ಕಂಪೆನಿ ಕೊಡುವ ಮೊತ್ತ) ಎಲ್ಲವೂ ಸಾಮಾಜಿಕ ಭದ್ರತಾ ಸಂಹಿತೆಯ ಅಡಿಗೆ ಬಂದಿವೆ. ಆದ್ದರಿಂದ ಅರ್ಜಿಯಲ್ಲಿ ಹಳೆಯ ಸೆಕ್ಷನ್ ಸಂಖ್ಯೆ ತುಂಬಿಸಲು ಹೋಗಬೇಡಿ, ಸವಲತ್ತಿನ ಹೆಸರು ಬರೆದರೆ ಸಾಕು.

ಪಿಎಫ್: ಇಲ್ಲಿ ಅವಸರ ಮಾಡಿದರೆ ಕೆಟ್ಟಿತು

ಪಿಎಫ್ ಎಂದರೆ ನಮ್ಮ ಜನಕ್ಕೆ "ಎಳೆಯುವ ಹಣ". ಆದರೆ ಅದರೊಳಗೆ ಮೂರು ಗಂಟುಗಳಿವೆ: ಭವಿಷ್ಯ ನಿಧಿ, ಪಿಂಚಣಿ, ಜೀವವಿಮೆ. ಮೊದಲಿನದ್ದು ಎಲ್ಲಿಗೂ ಹೋಗುವುದಿಲ್ಲ. ಚಿಕಿತ್ಸೆಗೆ ತುರ್ತು ಹಣ ಬೇಕಾದರೆ ಕೆಲಸ ಬಿಡದೆಯೇ ಅನಾರೋಗ್ಯದ ಕಾರಣ ಕೊಟ್ಟು ಆನ್‌ಲೈನಿನಲ್ಲಿ ಮುಂಗಡ ತೆಗೆಯಬಹುದು, ಫಾರಂ 31.

ಎರಡನೆಯ ಗಂಟು, 1995ರ ಪಿಂಚಣಿ ಯೋಜನೆ. ಹತ್ತು ವರ್ಷ ಸೇವೆ ಆಗದವರಿಗೆ ಪಿಂಚಣಿ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸೇವೆಯಲ್ಲಿದ್ದಾಗಲೇ ಶಾಶ್ವತವಾಗಿ, ಪೂರ್ತಿಯಾಗಿ ಅಶಕ್ತರಾದವರಿಗೆ ಈ ಹತ್ತು ವರ್ಷದ ಷರತ್ತು ಅನ್ವಯಿಸುವುದಿಲ್ಲ. ಒಂದು ತಿಂಗಳ ವಂತಿಗೆ ಬಿದ್ದಿದ್ದರೂ ಸಾಕು. ತಿಂಗಳಿಗೆ ಕನಿಷ್ಠ 1,000 ರೂಪಾಯಿ. ಹೆಚ್ಚು ವರ್ಷದವರಿಗೆ ಲೆಕ್ಕ: ಪಿಂಚಣಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 15,000 ಸಂಬಳ, 14 ವರ್ಷ ಆದರೆ ಸರಿಯಾಗಿ 3,000.

ಭಾವನಿಗೆ ಆಗ 52. ರಾಜೀನಾಮೆ ಕೊಟ್ಟಾಗಿದ್ದ ಕಾರಣ ಯಾರೋ ಅವರಿಂದ "ಅವಧಿಗೆ ಮುಂಚಿನ ಪಿಂಚಣಿ"ಗೆ ಅರ್ಜಿ ಹಾಕಿಸಿದರು. ಅದರಲ್ಲಿ 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ ಶೇಕಡಾ 4ರಂತೆ ಕಡಿತ. ಆರು ವರ್ಷಕ್ಕೆ ನಾಲ್ಕನೇ ಒಂದು ಪಾಲೇ ಹೋಯಿತು ಎನ್ನಿ. ಅಶಕ್ತತೆಯ ಪಿಂಚಣಿಗೆ ವಯಸ್ಸಿನ ಕಡಿತ ಇಲ್ಲ. ಫಾರಂ ಮಾತ್ರ ಎರಡಕ್ಕೂ ಒಂದೇ, 10ಡಿ. ಅದರಲ್ಲಿ ಯಾವ ಬಗೆಯ ಪಿಂಚಣಿ ಎಂದು ಗುರುತು ಹಾಕುವ ಜಾಗದಲ್ಲಿ ಮನೆಯ ಭವಿಷ್ಯ ಇರುತ್ತದೆ. ಪಿಎಫ್ ಕಚೇರಿ ಹೇಳಿದ ವೈದ್ಯಕೀಯ ಮಂಡಳಿಯ ಎದುರು ಹಾಜರಾಗಬೇಕು. ಹತ್ತು ವರ್ಷ ಆಗದವರಿಗೆ ಇನ್ನೊಂದು ಮಾತು: ಫಾರಂ 10ಸಿ ಕೊಟ್ಟು ಪಿಂಚಣಿಯ ಹಣವನ್ನು ಒಟ್ಟಿಗೆ ಎಳೆದರೆ ಪಿಂಚಣಿಯ ಹಕ್ಕೂ ಅಲ್ಲಿಗೆ ಮುಗಿಯಿತು.

ಕಂಪೆನಿಯವರು ಪೋರ್ಟಲಿನಲ್ಲಿ ಸೇವೆ ಮುಗಿದ ತಾರೀಕಿನ ಜೊತೆಗೆ ಕಾರಣವನ್ನೂ ಆರಿಸುತ್ತಾರೆ. ನಿಮ್ಮ ಹೆಸರಿನ ಎದುರು "ಶಾಶ್ವತ ಅಶಕ್ತತೆ" ಎಂದು ಬರಬೇಕು. ಗುಮಾಸ್ತರು ಅಭ್ಯಾಸಬಲದಿಂದ ಪಟ್ಟಿಯಲ್ಲಿ ಮೊದಲು ಕಾಣುವ ಕಾರಣವನ್ನೇ ಒತ್ತಿಬಿಡುತ್ತಾರೆ. ನಾನೂ ಎಷ್ಟೋ ಸಲ ಒತ್ತಿದ್ದೇನೆ, ಅದರ ತೂಕ ಆಗ ನನಗೆ ಗೊತ್ತಿರಲಿಲ್ಲ.

ಮೂರನೆಯ ಗಂಟು ಜೀವವಿಮೆ, ಇಡಿಎಲ್‌ಐ. ಇದಕ್ಕೆ ನೌಕರ ಒಂದು ಪೈಸೆಯೂ ಕಟ್ಟುವುದಿಲ್ಲ, ಕಂಪೆನಿ ಕಟ್ಟುತ್ತದೆ. ಸೇವೆಯಲ್ಲಿದ್ದಾಗ ತೀರಿಕೊಂಡರೆ ಕುಟುಂಬಕ್ಕೆ ಸರಾಸರಿ ಸಂಬಳದ 35 ಪಾಲು (ಸಂಬಳಕ್ಕೆ 15,000ದ ಮಿತಿ), ಮೇಲೆ ಪಿಎಫ್ ಶಿಲ್ಕಿನ ಅರ್ಧ (ಅದಕ್ಕೆ 1.75 ಲಕ್ಷದ ಮಿತಿ), ಒಟ್ಟು 7 ಲಕ್ಷದವರೆಗೆ. ಭಾವನ ಮನೆಗೆ ತಪ್ಪಿದ್ದು ಇದು.

ಈಗ ಕಷ್ಟದ ಪ್ರಶ್ನೆ. ಅಶಕ್ತತೆಯ ಪಿಂಚಣಿ ತೆಗೆದುಕೊಂಡರೆ ಸೇವೆ ಮುಗಿಯುತ್ತದೆ, ಇಡಿಎಲ್‌ಐ ಹೋಗುತ್ತದೆ. ಸೇವೆಯಲ್ಲೇ ಉಳಿದರೆ ಪಿಂಚಣಿ ಈಗ ಬರುವುದಿಲ್ಲ, ಆದರೆ ಸಾವು ಸಂಭವಿಸಿದರೆ ಇಡಿಎಲ್‌ಐಯೂ ಹೆಂಡತಿ ಮಕ್ಕಳ ಪಿಂಚಣಿಯೂ ಬರುತ್ತದೆ. ಯಾವುದು ಒಳ್ಳೆಯದು ಎಂಬುದು ಇನ್ನೆಷ್ಟು ಕಾಲ ಎಂಬುದರ ಮೇಲೆ ನಿಂತಿದೆ. ಈ ಮಾತನ್ನು ಮನೆಯಲ್ಲಿ ಎತ್ತಲು ನಾಲಿಗೆ ಬರುವುದಿಲ್ಲ, ನನಗೆ ಗೊತ್ತು. ಡಾಕ್ಟರಿಗೆ ಗಟ್ಟಿಯಾಗಿ ಕೇಳಿ: ತಿಂಗಳ ಲೆಕ್ಕವೋ, ವರ್ಷದ ಲೆಕ್ಕವೋ? ತಿಂಗಳ ಲೆಕ್ಕ ಎಂದಾದರೆ ನನ್ನ ಸಲಹೆ, ಇಎಸ್‌ಐ ಭತ್ಯೆ ಪಡೆಯುತ್ತ ಸೇವೆಯಲ್ಲೇ ಉಳಿಯಿರಿ. ವರ್ಷದ ಲೆಕ್ಕ ಆಗಿ, ಇಎಸ್‌ಐ ಮುಗಿಯುತ್ತ ಬಂದಿದ್ದು, ಕೆಲಸಕ್ಕೆ ಮರಳುವ ದಾರಿ ಇಲ್ಲವಾದರೆ ಆಗ ಅಶಕ್ತತೆಯ ಪಿಂಚಣಿಗೆ ಹೋಗಿ. ಸೇವೆಯಲ್ಲಿ ಉಳಿಯುವವರು ಒಂದು ಗಮನಿಸಬೇಕು: 2025ರ ತಿದ್ದುಪಡಿಯಂತೆ, ಕೊನೆಯ ವಂತಿಗೆ ಬಿದ್ದ ಆರು ತಿಂಗಳೊಳಗಿನ ಸಾವಿಗೆ, ಹೆಸರು ಪಟ್ಟಿಯಲ್ಲಿದ್ದರೆ, ಇಡಿಎಲ್‌ಐ ಸಿಗುತ್ತದೆ. ಅದಕ್ಕೇ ಸಂಬಳದ ರಜೆ ಉಳಿದಿದ್ದರೆ ಒಮ್ಮೆಲೇ ಖಾಲಿ ಮಾಡಬೇಡಿ. ಕೆಲವು ತಿಂಗಳಿಗೊಮ್ಮೆ ಒಂದೆರಡು ದಿನ ಬಳಸಿ, ಆ ದಿನದ ಸಂಬಳಕ್ಕೆ ವಂತಿಗೆ ಬೀಳುವ ಹಾಗೆ ಕಚೇರಿಯವರೊಡನೆ ಮಾತಾಡಿಕೊಳ್ಳಿ. ಅಂಥ ದಿನಗಳಿಗೆ ಇಎಸ್‌ಐ ಭತ್ಯೆ ಕೇಳಬಾರದು, ಅಷ್ಟೇ.

ಕಾಸರಗೋಡು ಜಿಲ್ಲೆಯ ಕಂಪೆನಿಗಳ ಪಿಎಫ್ ಕಚೇರಿ ಕಣ್ಣೂರಿನಲ್ಲಿ, ಮಂಗಳೂರಿನ ಕಂಪೆನಿಗಳದ್ದು ಮಂಗಳೂರಿನಲ್ಲಿ. ನಿಮ್ಮದು ಯಾವುದು ಎಂದು ಮನೆ ಎಲ್ಲಿದೆ ಎಂಬುದರಿಂದ ತಿಳಿಯುವುದಿಲ್ಲ, ಪಿಎಫ್ ನಂಬ್ರ ನೋಡಿ ತಿಳಿಯಬೇಕು.

ಗ್ರಾಚ್ಯುಯಿಟಿ

ಇದಕ್ಕೆ ಐದು ವರ್ಷ ಸೇವೆ ಆಗಿರಬೇಕು ಎಂಬ ನಿಯಮ ಸಾವಿಗೂ ರೋಗದಿಂದ ಬಂದ ಅಶಕ್ತತೆಗೂ ಇಲ್ಲ. ಮೂರು ವರ್ಷ ದುಡಿದವರಿಗೂ ಮೂರು ವರ್ಷದ್ದು ಸಿಗಬೇಕು. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿದರೆ ಮೊತ್ತ. ಹತ್ತು ಜನ ಇರುವ ಅಂಗಡಿಗೂ ಇದು ಅನ್ವಯ. ಬಿಡುಗಡೆಯ ಪತ್ರದಲ್ಲಿ "ಸ್ವಂತ ಕಾರಣದಿಂದ" ಎಂದು ಬರೆದರೆ ಈ ವಿನಾಯಿತಿ ತಪ್ಪುತ್ತದೆ, "ರೋಗದಿಂದ ಕೆಲಸಕ್ಕೆ ಅಶಕ್ತರಾದ ಕಾರಣ" ಎಂದೇ ಇರಲಿ.

ನಾರಾಯಣ ಮತ್ತು ನಾರಾಯಣನ್

ನಮ್ಮ ಗಡಿಯ ವಿಶೇಷ ತಲೆನೋವು ಹೆಸರು. ಶಾಲೆಯ ಸರ್ಟಿಫಿಕೇಟಿನಲ್ಲಿ ನಾರಾಯಣ, ರೇಷನ್ ಕಾರ್ಡಿನಲ್ಲಿ ನಾರಾಯಣನ್, ಆಧಾರಿನಲ್ಲಿ ನಾರಾಯಣ ಕೆ., ಮಂಗಳೂರಿನ ಪಿಎಫ್‌ನಲ್ಲಿ ಕೆ. ನಾರಾಯಣ ನಾಯ್ಕ. ಮಲಯಾಳದಲ್ಲಿ ಬರೆದುಕೊಂಡವರು ಕೊನೆಗೊಂದು "ನ್" ಸೇರಿಸಿದ್ದು ನಲವತ್ತು ವರ್ಷ ಯಾರಿಗೂ ತೊಂದರೆ ಕೊಡಲಿಲ್ಲ, ಹಣ ಬರುವ ಹೊತ್ತಿಗೆ ಎದ್ದು ನಿಂತಿತು. ಆಧಾರ್, ಪಿಎಫ್, ಬ್ಯಾಂಕ್ ಮೂರರಲ್ಲಿ ಅಕ್ಷರ ಅಕ್ಷರ ತಾಳೆಯಾಗಬೇಕು. ರೋಗಿ ನಡೆದಾಡುವಾಗಲೇ ಇದನ್ನು ಮುಗಿಸಿ. ಉಳಿದ ಕಾಗದಗಳಿಗೆ ವಿಲ್ಲೇಜ್ ಆಫೀಸಿನಿಂದ ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟ್ ಸಿಗುತ್ತದೆ, ಅಕ್ಷಯದಲ್ಲಿ ಅರ್ಜಿ ಹಾಕಬಹುದು. ಪಿಎಫ್ ನಾಮನಿರ್ದೇಶನ ಕೂಡ ನೋಡಿಕೊಳ್ಳಿ: ಮದುವೆಗೆ ಮುಂಚೆ ಅಮ್ಮನ ಹೆಸರು ಕೊಟ್ಟು ಮರೆತವರು ಬಹಳ.

ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ರಾಜ್ಯ ಸರಕಾರದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ. ಹಕ್ಕನ್ನು ಬಿಡಬೇಡಿ, ಆದರೆ ಅವಸರವಿದ್ದಾಗ ಒಂದು ಮಲಯಾಳ ಪ್ರತಿಯನ್ನೂ ಜೊತೆಗಿಡಿ. ಹೋರಾಟ ಬೇರೆ, ಹೊಟ್ಟೆ ಬೇರೆ.

ಬೇರೆ ಬಗೆಯ ಕೆಲಸದವರು

ಸರಕಾರಿ ಕೆಲಸದಲ್ಲಿ, ನಮ್ಮ ಕನ್ನಡ ಶಾಲೆಗಳ ಮಾಸ್ತರು ಟೀಚರರೂ ಸೇರಿ, ಇನ್‌ವ್ಯಾಲಿಡ್ ಪಿಂಚಣಿ ಎಂದು ಇದೆ, ವೈದ್ಯಕೀಯ ಮಂಡಳಿ ಅನರ್ಹ ಎಂದರೆ ಸಿಗುತ್ತದೆ. ಅದಕ್ಕೆ ಕೈ ಹಾಕುವ ಮುಂಚೆ ಅರ್ಧಸಂಬಳದ ರಜೆ, ಗಳಿಕೆ ರಜೆ ಎಷ್ಟು ಉಳಿದಿದೆ ನೋಡಿ. ಪಟ್ಟಿಯಲ್ಲಿರುವ ವೈಕಲ್ಯವೇ ಬಂದಿದ್ದರೆ 2016ರ ಕಾಯ್ದೆಯ 20ನೇ ಸೆಕ್ಷನ್ ಸರಕಾರಿ ನೌಕರನನ್ನು ಕಾಯುತ್ತದೆ: ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು.

ಗಲ್ಫಿನವರು ಹೆದರಿ ಟಿಕೆಟ್ ತೆಗೆದು ಬರುವುದೇ ಹೆಚ್ಚು. ಯುಎಇ ಕಾನೂನಿನಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನ ಅನಾರೋಗ್ಯ ರಜೆ: 15 ದಿನ ಪೂರ್ಣ ಸಂಬಳ, 30 ದಿನ ಅರ್ಧ, 45 ದಿನ ಸಂಬಳವಿಲ್ಲದೆ. ವರ್ಷ ಪೂರ್ತಿಯಾದವರಿಗೆ ಸೇವಾಂತ್ಯದ ಹಣ ಬೇರೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲವೇತನದಂತೆ. ವಿಮಾನ ಹತ್ತುವ ಮುಂಚೆ ಇದರ ಲೆಕ್ಕ ಕಾಗದದಲ್ಲಿ ಬರಲಿ. ಊರಿಗೆ ಬಂದ ಮೇಲೆ ಹೊರದೇಶದ ಕೇರಳದವರಿಗಾಗಿ ಇರುವ ಸರಕಾರಿ ಇಲಾಖೆ ನೋರ್ಕಾದ ಸಾಂತ್ವನ ಯೋಜನೆಗೆ ಅರ್ಜಿ ಹಾಕಬಹುದು.

ಬೀಡಿ ಕಟ್ಟುವವರಿಗೆ ಪಿಎಫ್ ಇದೆ, ಆದ್ದರಿಂದ ಮೇಲೆ ಹೇಳಿದ ಪಿಂಚಣಿಯೂ ಇಡಿಎಲ್‌ಐಯೂ ಇದೆ. ಕೇಂದ್ರದ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚವೂ ಮರಳಿ ಸಿಗುತ್ತದೆ, ಗುರುತಿನ ಚೀಟಿ ಬೇಕು. ಕಟ್ಟಡ ಕೆಲಸದವರು, ಅಂಗಡಿ ಕೆಲಸದವರು ತಮ್ಮ ಕ್ಷೇಮನಿಧಿಯ ಪುಸ್ತಕ ತೆಗೆದು ವಂತಿಗೆ ಬಾಕಿ ಇದ್ದರೆ ತಡಮಾಡದೆ ಕಟ್ಟಿಬಿಡಿ.

ಕೆಲಸಕ್ಕೆ ಹೊರತಾದವು, ಬೇಗ ಬೇಗ

ಕೇರಳದ ಕಂದಾಯ ಇಲಾಖೆಯಿಂದ ಬಡ ಕ್ಯಾನ್ಸರ್ ರೋಗಿಗಳಿಗೆ ಮಾಸಿಕ ಪಿಂಚಣಿ ಇದೆ, ವಿಲ್ಲೇಜ್ ಆಫೀಸಿನಲ್ಲಿ ಕೇಳಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಸಹಾಯಧನದ ಯೋಜನೆ. ಚಿಕಿತ್ಸೆಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು. ಆಸ್ಪತ್ರೆ ಸೇರುವ ಮುಂಚೆಯೇ ಕೌಂಟರಿನಲ್ಲಿ ತೋರಿಸಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಾರರಿಗೆ ಶೇಕಡಾ 75 ರಿಯಾಯಿತಿ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಆರ್‌ಸಿಸಿಗೆ ಹೋಗುವವರಿಗೆ ಇದು ಸಣ್ಣ ಮೊತ್ತವಲ್ಲ.

ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 436 ರೂಪಾಯಿ ಕಡಿತ ಕಂಡರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, 2 ಲಕ್ಷದ್ದು. ಮೇ ಕೊನೆಗೆ ಖಾತೆಯಲ್ಲಿ ಹಣ ಇಲ್ಲದಿದ್ದರೆ ಅದು ನಿಂತುಹೋಗುತ್ತದೆ. ಸಂಬಳ ನಿಂತ ಖಾತೆ ಖಾಲಿಯಾಗುವುದೇ ಆಗ.

ಇಲ್ಲ ಎಂದರೆ

"ಇಲ್ಲ" ಎಂಬುದನ್ನು ಬರೆದುಕೊಡಿ ಎಂದು ಕೇಳಿ. ಅರ್ಧದಷ್ಟು "ಇಲ್ಲ"ಗಳು ಅಲ್ಲಿಗೇ ಕರಗುತ್ತವೆ. ವಂತಿಗೆ ಕಡಿದು ಕಟ್ಟದ ಕಂಪೆನಿಯ ಮೇಲೆ ಪಿಎಫ್‌ನ ಆನ್‌ಲೈನ್ ದೂರು ವ್ಯವಸ್ಥೆಯಲ್ಲಿ ದೂರು ಹಾಕಿ. ವಕೀಲರು ಬೇಕಾದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಪರಿಶಿಷ್ಟರು, ವಿಕಲಚೇತನರು, ಕಾರ್ಖಾನೆಯ ಕಾರ್ಮಿಕರು ಇವರಿಗೆಲ್ಲ ಆದಾಯ ಕೇಳದೆ ಉಚಿತ.

ಕೊನೆಯದಾಗಿ ಫೋನಿನ ವಿಷಯ. ಈಗ ಎಲ್ಲಕ್ಕೂ ಓಟಿಪಿ ಬೇಕು, ಅದು ಬರುವುದು ಆಧಾರಿಗೆ ಜೋಡಿಸಿದ ನಂಬ್ರಕ್ಕೆ. ಭಾವನ ಆಧಾರಿನಲ್ಲಿದ್ದದ್ದು ರೀಚಾರ್ಜ್ ಮಾಡದೆ ಬಿಟ್ಟ ಹಳೆಯ ಸಿಮ್ಮು. ಅದನ್ನು ಬದಲಾಯಿಸಲು ಬೆರಳಚ್ಚು ಕೊಡಬೇಕಿತ್ತು. ಕಿಮೋದಿಂದ ಬೆರಳ ಚರ್ಮ ಸುಲಿದು ಯಂತ್ರ ಗುರುತು ಹಿಡಿಯಲಿಲ್ಲ. ಮೂರನೇ ಸಲ ಹೋದಾಗ ಕಣ್ಣಿನ ಗುರುತು ತೆಗೆದು ಮಾಡಿಕೊಟ್ಟರು. ಅಷ್ಟರಲ್ಲಿ ಏಳು ವಾರ ಹೋಗಿತ್ತು. ನಿಮ್ಮ ಮನೆಯಲ್ಲಿ ಇವತ್ತೇ ಆ ನಂಬ್ರಕ್ಕೊಂದು ಕರೆ ಮಾಡಿ ನೋಡಿ, ರಿಂಗಾಗುತ್ತದೋ ಇಲ್ಲವೋ.